ವಯೋನಿವೃತ್ತಿಯ ತ್ರೈರಾಶಿ

2023ರ ಜೂನ್ ತಿಂಗಳಲ್ಲಿ ನನ್ನ ಕೈಸೇರಿದ ಕಚೇರಿ ಆದೇಶದಲ್ಲಿ, ಅದೇ ತಿಂಗಳ 30ನೆಯ ತಾರೀಖಿನ ಅಪರಾಹ್ನ ನಾನು ಸರ್ಕಾರಿ ಸೇವೆಯಿಂದ ವಯೋನಿವೃತ್ತಿ ಹೊಂದುವುದಾಗಿ ನಮೂದಾಗಿತ್ತು. ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ 33 ವರ್ಷ 10 ತಿಂಗಳು ಕೆಲಸ ಮಾಡಿದವನಿಗೆ ಆ ಒಕ್ಕಣೆ ಹೊಸದಾಗಿರಲಿಲ್ಲ. ಅಂತಹ ಎಷ್ಟೋ ಆದೇಶಗಳ ಕರಡನ್ನು ನಾನೇ ಬರೆದು, ಮೇಲಿನವರ ಸಹಿಗೆ ಮಂಡಿಸಿ, ಜಾವಕ ಸಂಖ್ಯೆ ಹಾಕಿಸಿ ಕಳುಹಿಸಿದ್ದೆ. ಆದರೂ ಆ ಹಾಳೆಯಲ್ಲಿ ನನ್ನದೇ ಹೆಸರಿದ್ದಾಗ ‘ವಯೋನಿವೃತ್ತಿ’ ಎಂಬ ಶಬ್ದದ ಮುಂದೆ ಕಣ್ಣು ನಿಂತುಬಿಟ್ಟಿತು. ಅಂದು ರಾತ್ರಿ, ಓದುವ ದಿನಗಳಲ್ಲಿ ಮೈಸೂರಿನ ಹಳೆಯ ಪುಸ್ತಕದಂಗಡಿಯಿಂದ ಕೊಂಡುತಂದಿದ್ದ, ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್‌ನ ಪ್ರಬಂಧಗಳ ಪ್ರತಿಯನ್ನು ಕಪಾಟಿನಿಂದ ಹುಡುಕಿ ತೆಗೆದೆ. ಅದರಲ್ಲಿರುವ ಒಂದು ಪ್ರಬಂಧದ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ನಮ್ಮ ಆದೇಶದ ಶಬ್ದವೇ ದೊರಕುತ್ತದೆ: ‘ವಯೋನಿವೃತ್ತ’. ನಿವೃತ್ತಿಯ ಮೊದಲ ವರ್ಷದಲ್ಲಿ ಅದನ್ನು ಅನುವಾದಿಸಬೇಕೆಂದು ಆ ರಾತ್ರಿಯೇ ನಿಶ್ಚಯಿಸಿಕೊಂಡೆ.

ಬಿ.ಎ. ತರಗತಿಯಲ್ಲಿ ನಮ್ಮ ಮೇಷ್ಟರು ಈ ಪ್ರಬಂಧವನ್ನು ಓದಿ ಹೇಳಿದಾಗ ನನಗೆ ಇಪ್ಪತ್ತು ವರ್ಷ. ಕೆಲಸ ಸಿಕ್ಕರೆ ಸಾಕೆಂದು ಹಂಬಲಿಸುತ್ತಿದ್ದವನಿಗೆ ಕೆಲಸದಿಂದ ಬಿಡುಗಡೆ ಹೊಂದಿದವನ ಮಾತು ಹೇಗೆ ತಾನೇ ತಟ್ಟೀತು? ಲ್ಯಾಂಬ್ ಒಬ್ಬ ಗುಮಾಸ್ತನಾಗಿದ್ದನೆಂಬ ಸಂಗತಿಯೂ ಆಗ ಮನಸ್ಸಿನಲ್ಲಿ ನಿಲ್ಲಲಿಲ್ಲ. ಅವನು ಹುಟ್ಟಿದ್ದು 1775ರಲ್ಲಿ, ಲಂಡನ್ನಿನ ವಕೀಲರ ವಸತಿಯಾದ ಇನ್ನರ್ ಟೆಂಪಲ್‌ನಲ್ಲಿ; ತಂದೆ ಅಲ್ಲಿನ ಒಬ್ಬ ವಕೀಲರ ಬಳಿ ಊಳಿಗದಲ್ಲಿದ್ದವರು. ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯಲ್ಲಿ, ಮುಂದೆ ಕವಿಯಾದ ಕೋಲ್‌ರಿಜ್‌ನ ಜೊತೆ ಓದಿ, 1792ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಪತ್ರ ವಿಭಾಗವನ್ನು ಸೇರಿದ. ಮೊದಲ ಮೂರು ವರ್ಷ ಸಂಬಳವಿರಲಿಲ್ಲ. ಲೆಡನ್‌ಹಾಲ್ ಬೀದಿಯ ಕಂಪನಿ ಭವನದಲ್ಲಿ 1825ರ ಮಾರ್ಚ್ 29ರವರೆಗೆ, ಅಂದರೆ 33 ವರ್ಷಕ್ಕೆ ಕೆಲವೇ ದಿನ ಕಡಿಮೆ, ಚಹಾ ಮತ್ತು ನೀಲಿಯಂತಹ ಸರಕುಗಳ ಲೆಕ್ಕ ಬರೆದ. ಅವನು ಆ ಮೇಜಿನ ಮುಂದೆ ಕುಳಿತ 1792 ನಮ್ಮ ಜಿಲ್ಲೆಯವರು ಮರೆಯುವ ಇಸವಿಯಲ್ಲ. ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿಯಾಗಿ ಟಿಪ್ಪುವಿನ ಇಬ್ಬರು ಮಕ್ಕಳು ಕಂಪನಿಯ ಒತ್ತೆಯಾಳುಗಳಾದ ವರ್ಷವೇ ಅದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಹೊತ್ತೊಯ್ದ ಮರದ ಹುಲಿಯನ್ನು 1808ರಿಂದ ಪ್ರದರ್ಶನಕ್ಕಿಟ್ಟದ್ದೂ ಲ್ಯಾಂಬ್ ದಿನವೂ ಹೋಗಿಬರುತ್ತಿದ್ದ ಅದೇ ಭವನದಲ್ಲಿ. ಅನುವಾದಿಸುವಾಗ ಇದು ನನ್ನ ಮನಸ್ಸಿನಿಂದ ಒಮ್ಮೆಯೂ ದೂರವಾಗಲಿಲ್ಲ. ನನ್ನ ಊರಿನ ಸೋಲು ಒಂದು ಸಾಲಾಗಿ ಸೇರಿದ್ದ ಲೆಕ್ಕದ ಪುಸ್ತಕಗಳ ಮೇಲೆಯೇ ಈ ಸಾಧು ಮನುಷ್ಯ ತನ್ನ ಯೌವನವನ್ನು ಕಳೆದಿದ್ದ.

ಪ್ರಬಂಧ ಅಚ್ಚಾದದ್ದು ಅವನು ಕೆಲಸ ಬಿಟ್ಟ ಎರಡನೆಯ ತಿಂಗಳಲ್ಲಿ, 1825ರ ಮೇ ತಿಂಗಳ ಲಂಡನ್ ಮ್ಯಾಗಜೀನ್‌ನಲ್ಲಿ, ಜೆ.ಡಿ. ಎಂಬ ಸಹಿಯಡಿ. ಕಂಪನಿಯ ಹೆಸರನ್ನು ಮರೆಮಾಚಿ ಯಾವುದೋ ವ್ಯಾಪಾರಿ ಸಂಸ್ಥೆಯ ಗುಮಾಸ್ತನ ಕಥೆಯಾಗಿ ಅದನ್ನು ಬರೆದಿದ್ದಾನೆ. ಸೇವೆಯ ಅವಧಿಯನ್ನು 36 ವರ್ಷಕ್ಕೆ ಹಿಗ್ಗಿಸಿದ್ದಾನೆ. ಮೊದಲ ಪುಟಗಳಲ್ಲಿ ದುಡಿಮೆಯ ವರ್ಷಗಳ ಚಿತ್ರವಿದೆ. ಭಾನುವಾರ ಬಂತೆಂದರೆ ಅಂಗಡಿಗಳೆಲ್ಲ ಮುಚ್ಚಿ, ಹಾಡುಗಾರರೂ ಹಳೆಯ ಪುಸ್ತಕದ ಮಳಿಗೆಗಳೂ ಇಲ್ಲದೆ ಊರು ಮಂಕಾಗಿರುತ್ತಿತ್ತು. ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಸಿಗುತ್ತಿದ್ದ ಒಂದು ವಾರದ ರಜೆಯನ್ನು ವರ್ಷವಿಡೀ ಕಾಯುತ್ತಿದ್ದ. ಅದು ಬಂದಾಗ ಸುಖವನ್ನು ಅಟ್ಟಿಸಿಕೊಂಡು ಹೋಗುವುದರಲ್ಲೇ ಕಳೆದುಹೋಗುತ್ತಿತ್ತು. ಮೇಜಿನ ಮುಂದೆ ಕುಳಿತು ಕುಳಿತು ಅದರ ಮರವೇ ತನ್ನ ಜೀವದೊಳಗೆ ಇಳಿದುಹೋಗಿತ್ತು ಎನ್ನುತ್ತಾನೆ. ಈ ಭಾಗವನ್ನು ನಾನು ಜುಲೈ ತಿಂಗಳ ಮೊದಲ ಹತ್ತು ದಿನಗಳಲ್ಲಿ, ಬೀಳ್ಕೊಡುಗೆಯ ಹಾರ ಇನ್ನೂ ದೇವರ ಕೋಣೆಯ ಬಾಗಿಲಲ್ಲಿ ಒಣಗುತ್ತಿರುವಾಗಲೇ, ನಿರಾಯಾಸವಾಗಿ ಅನುವಾದಿಸಿ ಮುಗಿಸಿದೆ. ಒಂದೊಂದು ವಾಕ್ಯವೂ ನನ್ನ ಕೋಣೆಯನ್ನೂ ನನ್ನ ಕುರ್ಚಿಯನ್ನೂ ಬಲ್ಲದ್ದಾಗಿತ್ತು.

ಆಮೇಲಿನ ಭಾಗ ಹಾಗೆ ಸಾಗಲಿಲ್ಲ. ಬಿಡುಗಡೆಯಾದ ಮೊದಲ ದಿನಗಳ ವರ್ಣನೆಯಲ್ಲಿ ಲ್ಯಾಂಬ್ ಹೇಳುವುದು ಸಂತೋಷವನ್ನಲ್ಲ, ದಿಗ್ಭ್ರಮೆಯನ್ನು. ಸುಖಿಯಾಗಿದ್ದೇನೆಂದು ಭಾವಿಸಿಕೊಂಡು ಅಲೆಯುತ್ತಿದ್ದೆ, ಆದರೆ ಸುಖಿಯಾಗಿಲ್ಲವೆಂಬುದು ನನಗೆ ಗೊತ್ತಿತ್ತು ಎಂಬ ಅರ್ಥದ ಮಾತು ಅಲ್ಲಿದೆ. ಕಾಲದ ವಿಷಯದಲ್ಲಿ ಕಡುಬಡವನಾಗಿದ್ದವನಿಗೆ ಹಠಾತ್ತನೆ ಅಪಾರ ಜಮೀನು ಬಂದಂತಾಯಿತು, ಅದನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ ಬೇಕಿತ್ತು ಎನ್ನುತ್ತಾನೆ. ಆ ಮೇಲ್ವಿಚಾರಕನಿಗೆ ನಾನು ‘ಪಾರುಪತ್ಯಗಾರ’ ಎಂಬ ಹಳೆಯ ಮೈಸೂರಿನ ಶಬ್ದವನ್ನು ಹಾಕಿದೆ. ಇಡೀ ಅನುವಾದದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ಶಬ್ದಗಳಲ್ಲಿ ಅದೊಂದು. ಬಹುಕಾಲ ದುಡಿಮೆಯಲ್ಲೇ ಮುದುಕರಾದವರು ತಮ್ಮೊಳಗೆ ಎಷ್ಟು ದಾಸ್ತಾನಿದೆ ಎಂದು ತೂಗಿ ನೋಡದೆ ರೂಢಿಯ ಕೆಲಸವನ್ನು ಒಮ್ಮೆಗೇ ಬಿಡಬಾರದು, ಅದರಲ್ಲಿ ಅಪಾಯವಿದೆ ಎಂಬ ಎಚ್ಚರಿಕೆಯೂ ಅಲ್ಲಿಯೇ ಬರುತ್ತದೆ. ವಿರಾಮದ ಸುಖವನ್ನು ಹೊಗಳಲು ಈ ಪ್ರಬಂಧವನ್ನು ಉದ್ಧರಿಸುವವರು ಈ ಒಂದು ವಾಕ್ಯವನ್ನು ಕೈಬಿಡುತ್ತಾರೆ. ನನ್ನ ಮಟ್ಟಿಗೆ ಅದೇ ಪ್ರಬಂಧದ ಬೆನ್ನೆಲುಬು.

ಜುಲೈ ಮುಗಿಯುವ ಹೊತ್ತಿಗೆ ಆ ವಾಕ್ಯದ ಅರ್ಥ ನನಗೆ ದೇಹದಲ್ಲೇ ತಿಳಿಯಿತು. ಬೆಳಿಗ್ಗೆ ಒಂಬತ್ತೂವರೆಗೆ ಕಾಲು ತಾನಾಗಿ ಚಪ್ಪಲಿಯ ಕಡೆಗೆ ಹೋಗುತ್ತಿತ್ತು. ಹನ್ನೊಂದು ಗಂಟೆಯ ಬಿಸಿಲನ್ನು ಮನೆಯ ಅಂಗಳದಲ್ಲಿ ನೋಡಿದರೆ, ಕಳವು ಮಾಡಿದ ವಸ್ತುವನ್ನು ಕೈಯಲ್ಲಿ ಹಿಡಿದಂತೆ ಅಳುಕಾಗುತ್ತಿತ್ತು. ಪತ್ರಿಕೆಯನ್ನು ಕೊನೆಯ ಪುಟದ ಟೆಂಡರು ಪ್ರಕಟಣೆಯವರೆಗೆ ಓದಿ ಮುಗಿಸಿದರೂ ಹತ್ತು ಗಂಟೆ ಆಗಿರುತ್ತಿರಲಿಲ್ಲ. ಹಗಲು ನಿದ್ದೆ ಮಾಡಿ ರಾತ್ರಿ ಎಚ್ಚರವಿರುವುದು ಆರಂಭವಾಯಿತು. ಅನುವಾದದ ನೋಟುಪುಸ್ತಕವನ್ನು ತೆರೆದರೆ, ಇಂದೇ ಏಕೆ, ನಾಳೆಯೂ ಇದೆಯಲ್ಲ ಎಂದು ಮನಸ್ಸು ಹೇಳುತ್ತಿತ್ತು. ಹಾಗೆ ಇಪ್ಪತ್ತಕ್ಕೂ ಹೆಚ್ಚು ದಿನ ಒಂದು ಸಾಲೂ ಬರೆಯಲಿಲ್ಲ. ಕಚೇರಿಯಲ್ಲಿದ್ದಾಗ ಊಟದ ಬಿಡುವಿನ ಅರ್ಧ ಗಂಟೆಯಲ್ಲಿ ನಾನು ಎಷ್ಟು ಓದುತ್ತಿದ್ದೆನೆಂದು ನೆನೆದು ಕಣ್ಣು ತುಂಬಿ ಬಂದದ್ದುಂಟು.

ಈ ನಡುವೆ ಪಿಂಚಣಿ ಪ್ರಸ್ತಾವನೆ ಆಕ್ಷೇಪಣೆಯೊಡನೆ ಹಿಂದಿರುಗಿತು. ನನ್ನ ಸೇವಾ ಪುಸ್ತಕದಲ್ಲಿ, ಎರಡು ದಶಕಗಳಿಗೂ ಹಿಂದಿನ ಒಂದು ವಾರ್ಷಿಕ ವೇತನ ಬಡ್ತಿಯ ನಮೂದಿಗೆ ಆಗಿನ ಅಧಿಕಾರಿ ಸಹಿ ಹಾಕಿರಲಿಲ್ಲ. ಇತರರ ಸೇವಾ ಪುಸ್ತಕಗಳನ್ನು ಸಾಲು ಸಾಲಾಗಿ ಪರಿಶೀಲಿಸಿದ ನಾನು ನನ್ನದನ್ನು ಅಷ್ಟು ಎಚ್ಚರದಿಂದ ನೋಡಿರಲಿಲ್ಲ. ಅದನ್ನು ಸರಿಪಡಿಸಿ ಮತ್ತೆ ಕಳುಹಿಸಿ ಮಂಜೂರಾತಿ ಬರುವವರೆಗೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆರೇಳು ಬಾರಿ ನನ್ನದೇ ಹಳೆಯ ಕಚೇರಿಗೆ ಅರ್ಜಿದಾರನಾಗಿ ಹೋದೆ. ಕಿಟಕಿಯ ಪಕ್ಕದ ನನ್ನ ಮೇಜಿನಲ್ಲಿ ಹೊಸದಾಗಿ ಬಡ್ತಿ ಪಡೆದ ಹುಡುಗ ಕುಳಿತಿದ್ದ. ನಾನು ಕೊಡೆ ನೇತುಹಾಕುತ್ತಿದ್ದ ಮೊಳೆಯಲ್ಲಿ ಅವನ ಹೆಲ್ಮೆಟ್ಟಿತ್ತು. “ನೀವು ಬರೋದು ಬೇಡವಾಗಿತ್ತು ಸಾರ್, ಒಂದು ಫೋನ್ ಮಾಡಿದ್ರೆ ಸಾಕಿತ್ತು,” ಎಂದು ಎದ್ದು ನಿಂತು ಕುರ್ಚಿ ಕೊಟ್ಟ. ಅವನ ಗೌರವದಲ್ಲಿ ಲವಲೇಶವೂ ಕೊರತೆಯಿರಲಿಲ್ಲ, ಆದರೂ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದು, ಅಷ್ಟು ದಿನ ಮುಚ್ಚಿಟ್ಟಿದ್ದ ನೋಟುಪುಸ್ತಕವನ್ನು ತೆರೆದು, ಲ್ಯಾಂಬ್ ತನ್ನ ಹಳೆಯ ಸಹೋದ್ಯೋಗಿಗಳನ್ನು ನೋಡಲು ಹೋದ ಭಾಗವನ್ನು ಅನುವಾದಿಸಿದೆ. ಅವರೆಲ್ಲ ಆದರದಿಂದ ಬರಮಾಡಿಕೊಂಡರು, ಆದರೆ ಹಿಂದಿನ ಸಲುಗೆ ಮರಳಲಿಲ್ಲ. ಅವನ ಮೇಜೂ ಅವನು ಟೋಪಿ ತೂಗುಹಾಕುತ್ತಿದ್ದ ಗೂಟವೂ ಇನ್ನೊಬ್ಬನ ಪಾಲಾಗಿದ್ದವು. ಹೀಗಾಗಲೇಬೇಕೆಂದು ತನಗೆ ಗೊತ್ತಿತ್ತು, ಆದರೂ ಅದನ್ನು ಒಳ್ಳೆಯ ಮನಸ್ಸಿನಿಂದ ಒಪ್ಪಿಕೊಳ್ಳಲಾಗಲಿಲ್ಲ ಎಂದು ಬರೆಯುತ್ತಾನೆ. ಬಾಳುವುದನ್ನು ಕುರಿತು ಬರೆಯುವವರಲ್ಲಿ ಇಷ್ಟು ಸಣ್ಣ ನೋವನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರು ನನಗೆ ಹೆಚ್ಚು ಸಿಕ್ಕಿಲ್ಲ.

ಆ ಸಂಜೆಯಿಂದ ನಾನು ಪ್ರಬಂಧದ ಜೊತೆಗೆ ಅವನ ಪತ್ರಗಳನ್ನೂ ಓದತೊಡಗಿದೆ. ಅನುವಾದದ ದಾರಿ ಬದಲಾದದ್ದು ಅಲ್ಲಿ.

ವುಡ್‌ಬ್ರಿಜ್ ಎಂಬ ಊರಿನಲ್ಲಿ ಬರ್ನಾರ್ಡ್ ಬಾರ್ಟನ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕವಿಯಿದ್ದ. ಹೊಟ್ಟೆಪಾಡಿಗೆ ಬ್ಯಾಂಕಿನ ಗುಮಾಸ್ತ. ಬ್ಯಾಂಕು ಬಿಟ್ಟು ಬರವಣಿಗೆಯನ್ನೇ ನಂಬಿ ಬದುಕಲೇ ಎಂದು ಅವನು ಕೇಳಿದಾಗ, 1823ರ ಜನವರಿಯಲ್ಲಿ ಲ್ಯಾಂಬ್ ಕೊಟ್ಟ ಉತ್ತರ ಕಟುವಾಗಿದೆ. ಪುಸ್ತಕ ವ್ಯಾಪಾರಿಗಳನ್ನು ನಂಬುವುದಕ್ಕಿಂತ ಕಡಿದಾದ ಬಂಡೆಯಿಂದ ಧುಮುಕುವುದು ಮೇಲು. ನಿನ್ನ ಬ್ಯಾಂಕನ್ನು ನೀನು ಬಿಡಬೇಡ, ಅದು ನಿನ್ನನ್ನು ಸಾಕುತ್ತದೆ. ಇದೇ ಮನುಷ್ಯ ಅದಕ್ಕೂ ಮುಂಚಿನ ವರ್ಷ ಕವಿ ವರ್ಡ್ಸ್‌ವರ್ತ್‌ಗೆ ಬರೆಯುತ್ತ, ಮೂವತ್ತು ವರ್ಷ ಚಾಕರಿ ಮಾಡಿದರೂ ಕತ್ತು ನೊಗಕ್ಕೆ ಒಗ್ಗಲಿಲ್ಲವೆಂದು ಗೋಳಾಡಿದ್ದ. 1825ರ ಏಪ್ರಿಲ್ 6ರಂದು, ಬಿಡುಗಡೆಯಾಗಿ ವಾರವಷ್ಟೇ ಆಗಿರುವಾಗ, ಹನ್ನೊಂದು ಗಂಟೆಯ ಬೆಳಕಿನಲ್ಲಿ ತನ್ನ ಕೋಣೆಯಲ್ಲಿ ಕುಳಿತು, ತಾನು ಸ್ವತಂತ್ರನೆಂದು ಉಬ್ಬಿ ಅದೇ ವರ್ಡ್ಸ್‌ವರ್ತ್‌ಗೆ ಬರೆದ. ಮೇ ತಿಂಗಳ ಪ್ರಬಂಧದಲ್ಲಿ, ನನಗೊಬ್ಬ ಮಗನಿದ್ದಿದ್ದರೆ ‘ಮಾಡಲು ಏನೂ ಇಲ್ಲದವನು’ ಎಂದೇ ಹೆಸರಿಡುತ್ತಿದ್ದೆ ಎಂದ. ಮರುವರ್ಷ, 1826ರ ಸೆಪ್ಟೆಂಬರಿನಲ್ಲಿ, ಅದೇ ಬಾರ್ಟನ್‌ಗೆ ಬರೆದ ಪತ್ರದಲ್ಲಿ ಬೇರೆಯೇ ಸುದ್ದಿಯಿದೆ: ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ನಟ ಗ್ಯಾರಿಕ್ ಸಂಗ್ರಹಿಸಿಟ್ಟಿದ್ದ ಹಳೆಯ ನಾಟಕಗಳನ್ನು ಒಂದೊಂದಾಗಿ ಓದಿ ಆಯ್ದ ಭಾಗಗಳನ್ನು ಬರೆದುಕೊಳ್ಳುತ್ತಿದ್ದಾನೆ. ಅದು ತನಗೆ ಒಂದು ಬಗೆಯ ಕಚೇರಿಯಾಗಿದೆ, ವೇಳೆಯೂ ಹತ್ತರಿಂದ ನಾಲ್ಕು, ಹಿಂದಿನಂತೆಯೇ. ರೂಢಿಯಾದವನಿಗೆ ಕ್ರಮವಾದ ಕೆಲಸ ಇರಲೇಬೇಕು ಎನ್ನುತ್ತಾನೆ. ಆ ಆಯ್ಕೆಗಳು 1827ರಲ್ಲಿ ವಿಲಿಯಂ ಹೋನ್‌ನ ಪತ್ರಿಕೆಯಲ್ಲಿ ಅಚ್ಚಾದವು. ಇನ್ನು 1829ರ ಜುಲೈ ಪತ್ರ. ಎನ್‌ಫೀಲ್ಡಿನ ಮನೆಯಲ್ಲಿ ಒಂಟಿಯಾಗಿ, ಅಕ್ಕ ಮೇರಿ ಮತ್ತೆ ಕಾಯಿಲೆ ಬಿದ್ದಿರುವಾಗ, ಅತಿ ದುಡಿಮೆಗಿಂತ ದುಡಿಮೆಯೇ ಇಲ್ಲದಿರುವುದು ಕೇಡು, ಮನಸ್ಸು ತನ್ನನ್ನೇ ತಾನು ತಿನ್ನುತ್ತದೆ ಎಂದು ಬರೆದಿದ್ದಾನೆ.

ಲೆಕ್ಕಪತ್ರ ಶಾಖೆಯಲ್ಲಿ ಬೆಳೆದವನಿಗೆ ಇದರಲ್ಲಿ ವಿರೋಧಾಭಾಸ ಕಾಣಿಸಲಿಲ್ಲ, ತಾರೀಖು ಕಾಣಿಸಿತು. ನಗದು ಪುಸ್ತಕದಲ್ಲಿ ಏಪ್ರಿಲ್‌ನ ಶಿಲ್ಕೂ ಜುಲೈನ ಶಿಲ್ಕೂ, ಅಂದರೆ ಕೈಯಲ್ಲಿ ಉಳಿದ ಹಣ, ಬೇರೆಯಾಗಿದ್ದರೆ ಯಾವುದೂ ಸುಳ್ಳಲ್ಲ. ಬೇಕನ್ ತನ್ನ ಪ್ರಬಂಧಗಳಲ್ಲಿ ಎಲ್ಲ ಕಾಲಕ್ಕೂ ಸಲ್ಲುವಂತೆ ತೀರ್ಪು ಕೊಡುತ್ತಾನೆ, ಜಾನ್ಸನ್ ಗುರುವಿನ ಪೀಠದಿಂದ ಮಾತನಾಡುತ್ತಾನೆ. ಅವರಿಬ್ಬರ ಮೇಲೂ ನನಗೆ ಭಕ್ತಿಯಿದೆ. ಲ್ಯಾಂಬ್ ಹಾಗಲ್ಲ. ಇಂದು ತನಗೆ ಹೀಗನ್ನಿಸುತ್ತಿದೆ ಎಂದು ಬರೆದು ಕೆಳಗೆ ದಿನಾಂಕ ಹಾಕುತ್ತಾನೆ. ಅವನ ವಿವೇಕವನ್ನು ಒಂದು ಸೂಕ್ತಿಯಾಗಿ ಕಿತ್ತು ತೆಗೆದ ಕ್ಷಣವೇ ಅದು ತಪ್ಪಾಗುತ್ತದೆ. ಆದುದರಿಂದ ನನ್ನ ಅನುವಾದದ ಜೊತೆಗೆ ಈ ಪತ್ರಗಳನ್ನೂ ದಿನಾಂಕದ ಕ್ರಮದಲ್ಲಿ ಸೇರಿಸಬೇಕೆಂದು ತೀರ್ಮಾನಿಸಿದೆ. ಅಷ್ಟೇ ಅಲ್ಲ, 2023ರ ನವೆಂಬರ್ ಮೊದಲ ವಾರದಿಂದ ನಾನೂ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲಾರಂಭಿಸಿದೆ. ಬೆಳಿಗ್ಗೆ ಹತ್ತಕ್ಕೆ ಬುತ್ತಿ ಕಟ್ಟಿಸಿಕೊಂಡು ಹೊರಟು, ಪತ್ರಿಕೆಗಳ ಮೇಜು ದಾಟಿ, ಹಿಂಬದಿಯ ಕೊಠಡಿಯಲ್ಲಿ ನಿಘಂಟುಗಳಿರುವ ಬೀರುವಿನ ಪಕ್ಕ ಕೂರುತ್ತಿದ್ದೆ. ದಿನಕ್ಕೆ ಒಂದು ಪುಟಕ್ಕಿಂತ ಹೆಚ್ಚು ಅನುವಾದಿಸಕೂಡದೆಂದು ನಿಯಮ ಮಾಡಿಕೊಂಡೆ. ಮೂರು ವಾರದಲ್ಲಿ ರಾತ್ರಿಯ ನಿದ್ದೆ ಮರಳಿತು.

ಪ್ರಬಂಧದಲ್ಲಿ ಒಂದು ಲೆಕ್ಕವಿದೆ. ಐವತ್ತು ವರ್ಷ ಬದುಕಿದ್ದರೂ ಅದರಲ್ಲಿ ಪರರಿಗಾಗಿ ಕಳೆದ ಗಂಟೆಗಳನ್ನು ಕಳೆದುಬಿಟ್ಟರೆ ತಾನಿನ್ನೂ ಯುವಕ, ಏಕೆಂದರೆ ಮನುಷ್ಯ ತನ್ನದೆನ್ನಬಹುದಾದ ಕಾಲವೇ ನಿಜವಾದ ಕಾಲ. ಮುಂದಿನ ಹತ್ತು ವರ್ಷ ಹಿಂದಿನ ಮೂವತ್ತಕ್ಕೆ ಸಮ ಎನ್ನುತ್ತಾನೆ ಲ್ಯಾಂಬ್, ಅದನ್ನು ತ್ರೈರಾಶಿಯ ಲೆಕ್ಕವೆಂದೇ ಕರೆಯುತ್ತಾನೆ. ಗೊತ್ತಿರುವ ಮೂರು ಅಂಕಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕಕ್ಕೆ ಶಾಲೆಯಲ್ಲಿ ಕಲಿತ ತ್ರೈರಾಶಿ ಎಂಬ ಶಬ್ದ ಇಷ್ಟು ವರ್ಷಗಳ ಮೇಲೆ ಇಲ್ಲಿ ಸಲ್ಲುವುದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವನಿಗೆ ಆ ಹತ್ತು ವರ್ಷ ಪೂರ್ತಿ ಸಿಗಲಿಲ್ಲ. ಎಡ್ಮಂಟನ್ನಿನಲ್ಲಿ ನಡೆದು ಹೋಗುವಾಗ ಎಡವಿ ಬಿದ್ದು ಮುಖಕ್ಕೆ ಆದ ಗಾಯ ಕೆಟ್ಟು, 1834ರ ಡಿಸೆಂಬರ್ 27ರಂದು ತೀರಿಕೊಂಡ. ಒಂಬತ್ತು ವರ್ಷ ಒಂಬತ್ತು ತಿಂಗಳು. ಆ ಪುಟದ ಅಂಚಿನಲ್ಲಿ ಈ ವ್ಯವಕಲನವನ್ನು ಪೆನ್ಸಿಲಿನಲ್ಲಿ ಮಾಡಿದ್ದೇನೆ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಅಂಕಿ ಅದಲ್ಲ. ವರ್ಡ್ಸ್‌ವರ್ತ್‌ಗೆ ಬರೆದ ಪತ್ರದಲ್ಲಿ ತನ್ನ ಪಿಂಚಣಿ ವರ್ಷಕ್ಕೆ 441 ಪೌಂಡ್ ಎಂದು ಹೇಳಿ, ಅದನ್ನು ಬಿಡಿಸಿ ತೋರಿಸುತ್ತಾನೆ: 450 ಪೌಂಡ್, ಅದರಲ್ಲಿ ತನ್ನ ನಂತರ ಅಕ್ಕನಿಗೆ ಜೀವನಾಂಶ ಸಿಗಲೆಂದು ಮುರಿದುಕೊಳ್ಳುವ 9 ಪೌಂಡ್ ಕಳೆದು. ಈ ಅಕ್ಕನ ವಿಚಾರ ತಿಳಿಯದವರಿಗೆ ಅದು ಒಂದು ಕಡಿತದ ಬಾಬ್ತು ಮಾತ್ರ. 1796ರ ಸೆಪ್ಟೆಂಬರ್ 22ರಂದು, ಮನೆಯವರೆಲ್ಲರ ಸೇವೆಯಿಂದಲೂ ಹೊಲಿಗೆಯ ದುಡಿಮೆಯಿಂದಲೂ ಬಳಲಿ ಬುದ್ಧಿ ಕದಡಿದ್ದ ಮೇರಿ, ಊಟದ ಮೇಜಿನ ಬಳಿ ಚಾಕುವಿನಿಂದ ತಾಯಿಯನ್ನು ಇರಿದು ಕೊಂದಳು. ಚಾರ್ಲ್ಸ್‌ಗೆ ಆಗ 21 ವರ್ಷ. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಅವನೇ ಆರು ವಾರ ಹುಚ್ಚರ ಆಸ್ಪತ್ರೆಯಲ್ಲಿದ್ದವನು. ಅಕ್ಕನನ್ನು ಜೀವನಪರ್ಯಂತ ಆಸ್ಪತ್ರೆಯಲ್ಲಿ ಕೂಡಿಹಾಕುವ ಬದಲು ತನ್ನ ಹೊಣೆಗೆ ತೆಗೆದುಕೊಂಡ, ಮದುವೆಯಾಗಲಿಲ್ಲ, ಕಡೆಯವರೆಗೆ ಜೊತೆಯಲ್ಲಿ ಬದುಕಿದ. ಷೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆಗಳಾಗಿಸಿದ 1807ರ ಪುಸ್ತಕ ಇಬ್ಬರೂ ಸೇರಿ ಬರೆದದ್ದು. ಕಾಯಿಲೆಯ ಸೂಚನೆ ಕಂಡಾಗಲೆಲ್ಲ ಅಕ್ಕತಮ್ಮಂದಿರು ಕೈಹಿಡಿದು ಅಳುತ್ತ ಹೊಲಗಳನ್ನು ದಾಟಿ ಆಸ್ಪತ್ರೆಗೆ ಹೋಗುತ್ತಿದ್ದುದನ್ನು ಸ್ನೇಹಿತರು ಕಂಡಿದ್ದಾರೆ. 33 ವರ್ಷ ಆ ಮೇಜಿನ ಮುಂದೆ ಕುಳಿತದ್ದು ಏಕೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ‘ಪರರಿಗಾಗಿ ಕಳೆದ ಗಂಟೆಗಳು’ ಎಂದು ಪ್ರಬಂಧದಲ್ಲಿ ಕಳೆದುಬಿಡುವ ಗಂಟೆಗಳಲ್ಲಿ ಮೇರಿಯ ಅನ್ನ ಔಷಧಗಳೂ ಇವೆ ಎಂಬುದನ್ನು ಅವನು ಅಲ್ಲಿ ಹೇಳುವುದಿಲ್ಲ. ಪತ್ರದಲ್ಲಿ ಮಾತ್ರ ಒಂದು ಸಾಲಿದೆ: ನಮಗೆ ಏನೋ ಒಳ್ಳೆಯದಾಗಿದೆ ಎಂಬ ಅಸ್ಪಷ್ಟ ಭಾವದಿಂದ ಮೇರಿ ದಿನವೂ ಬೆಳಿಗ್ಗೆ ಏಳುತ್ತಾಳೆ.

ನನ್ನ ಪಿಂಚಣಿ ಪ್ರಸ್ತಾವನೆಯನ್ನು ಎರಡನೆಯ ಬಾರಿ ಸಿದ್ಧಪಡಿಸುವಾಗ ಹೆಂಡತಿಯೊಡನೆ ಹೊಸದಾಗಿ ಜಂಟಿ ಭಾವಚಿತ್ರ ತೆಗೆಸಬೇಕಾಯಿತು. ಕುಟುಂಬ ಪಿಂಚಣಿಯ ನಮೂನೆಯಲ್ಲಿ ನನ್ನ ಮರಣಾನಂತರ ಯಾರಿಗೆ ಎಂಬ ಅಂಕಣದಲ್ಲಿ ಅವಳ ಹೆಸರು ಬರೆದು, ಗುರುತಿನ ಮಚ್ಚೆ ಯಾವುದೆಂದು ಕೇಳಿದೆ. ಎಡ ಮೊಣಕೈಯ ಕೆಳಗೆ ಸುಟ್ಟ ಕಲೆ, ಎಂದಳು. ಯಾವಾಗ ಆದದ್ದು ಎಂದು ಕೇಳಿದ್ದಕ್ಕೆ, “ನೀವು ಆಡಿಟ್ ಅಂತ ರಾತ್ರಿ ಹತ್ತಕ್ಕೆ ಬರ್ತಿದ್ರಲ್ಲ, ಆ ವರ್ಷ,” ಎಂದಳು. ಅವಳ ಕೈಯ ಆ ಕಲೆಯನ್ನು ನಾನು ಅಂದಿನವರೆಗೆ ಗಮನಿಸಿರಲಿಲ್ಲ. ಅನುವಾದದ ಅಡಿಟಿಪ್ಪಣಿಯಲ್ಲಿ ಆ 9 ಪೌಂಡಿನ ವಿವರವನ್ನು ನಾನು ಉದ್ದವಾಗಿಯೇ ಬರೆದಿದ್ದೇನೆ. ಕತ್ತರಿಸಬೇಕೆಂದು ಹಸ್ತಪ್ರತಿ ಓದಿದ ಗೆಳೆಯರೊಬ್ಬರು ಸಲಹೆ ಕೊಟ್ಟರೂ ಒಪ್ಪಲಿಲ್ಲ.

ಮಂಜೂರಾತಿ ಬಂದದ್ದು ಡಿಸೆಂಬರಿನಲ್ಲಿ. ಅನುವಾದ ಮುಗಿಯಲು ಇನ್ನೂ ಆರು ತಿಂಗಳು ಬೇಕಾಯಿತು, ಮುಖ್ಯವಾಗಿ ಕೊನೆಯ ವಾಕ್ಯದ ದೆಸೆಯಿಂದ. ಈ ಲೋಕಕ್ಕೆ ಮಾಡಲು ಬಂದ ಕೆಲಸವನ್ನೆಲ್ಲ ಮಾಡಿದ್ದೇನೆ. ನನಗೆ ಒಪ್ಪಿಸಿದ್ದನ್ನು ದುಡಿದು ಮುಗಿಸಿದ್ದೇನೆ, ದಿನದ ಉಳಿದ ಹೊತ್ತು ನನ್ನದು ಎಂದು ಲ್ಯಾಂಬ್ ಮುಗಿಸುತ್ತಾನೆ. ಇಷ್ಟು ಕೆಲಸ ಎಂದು ಅಳೆದು ಕೊಟ್ಟು, ಅದು ಮುಗಿದರೆ ಬಿಡುಗಡೆ ಎನ್ನುವ ಬಗೆಯ ದುಡಿಮೆಗೆ ಅವನು ಬಳಸುವ ಶಬ್ದಕ್ಕೆ ನಾನು ‘ನಿಯತ ಕಾರ್ಯ’, ‘ವಹಿಸಿದ ಕೆಲಸ’, ‘ಪಾಲಿನ ಕೆಲಸ’ ಎಂದೆಲ್ಲ ಬರೆದು ಹೊಡೆದುಹಾಕಿದೆ. ಎಲ್ಲವೂ ಕಡತದ ಭಾಷೆಯಾಗುತ್ತಿತ್ತು. ಒಂದು ಸಂಜೆ ಹೆಂಡತಿಗೆ ಅರ್ಥ ವಿವರಿಸಿದೆ. ಅವಳು ನಾಲೆ ಬಯಲಿನ ಹಳ್ಳಿಯಲ್ಲಿ ಬೆಳೆದವಳು.

“ಅದು ಗುತ್ತಿಗೆ ನಾಟಿ ಕಣ್ರೀ. ದಿನಗೂಲಿ ಆದ್ರೆ ಹೊತ್ತು ಮುಳುಗೋವರೆಗೂ ಬಗ್ಗಿರಬೇಕು. ಗುತ್ತಿಗೆ ಅಂದ್ರೆ ಹಂಗಲ್ಲ, ಇಷ್ಟು ಗದ್ದೆ ಅಂತ ಮಾತಾಡ್ಕೊಂಡು, ಮುಗಿಸಿದ ತಕ್ಷಣ ಕೈ ತೊಳ್ಕೊಂಡು ಬರೋದು.”

“ಬಂದ ಮೇಲೆ ಏನು ಮಾಡುತ್ತಿದ್ದರು?” ಎಂದು ಕೇಳಿದೆ.

“ನಮ್ಮವ್ವನಾ? ಒಂದು ಗಳಿಗೆ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಂಡು, ಆಮೇಲೆ ನಮ್ಮದೇ ಗದ್ದೆಗೆ ಇಳಿಯೋಳು.”

‘ಗುತ್ತಿಗೆಯ ನಾಟಿ ಮುಗಿಸಿದ್ದೇನೆ, ದಿನದ ಉಳಿದ ಹೊತ್ತು ನನ್ನದು’ ಎಂದು ಶುದ್ಧಪ್ರತಿಯಲ್ಲಿ ಬರೆದೆ. ಲಂಡನ್ನಿನ ಗುಮಾಸ್ತನ ಬಾಯಿಗೆ ಮಂಡ್ಯದ ಗದ್ದೆಯನ್ನು ತುರುಕುವುದು ಸರಿಯೇ ಎಂಬ ಶಂಕೆ ಒಂದೆರಡು ದಿನ ಕಾಡಿತು. ‘ನಾಟಿ’ಯನ್ನು ಹೊಡೆದು ‘ಗುತ್ತಿಗೆಯ ಕೆಲಸ’ ಎಂದು ತಿದ್ದಿದೆ, ‘ಗುತ್ತಿಗೆ’ಯನ್ನು ಉಳಿಸಿಕೊಂಡೆ. ಕೆಳಗೆ ದಿನಾಂಕ ಹಾಕಿ, ನೋಟುಪುಸ್ತಕವನ್ನು ಗ್ರಂಥಾಲಯದ ಚೀಲದಲ್ಲಿಟ್ಟೆ. ಮರುದಿನದಿಂದ ಬಾರ್ಟನ್‌ಗೆ ಬರೆದ ಪತ್ರಗಳನ್ನು ಆರಂಭಿಸಬೇಕಾಗಿತ್ತು.